ಸೊಪ್ಪು ಒಣಗಿಸಲು ಬಿಸಿಲು ಬೇಡ, ನೆರಳು ಬೇಕು

ಮಾನ್ಯ ಸಂಪಾದಕರೇ,

ಚಳಿಗಾಲಕ್ಕೆ ಕಷಾಯದ ಸೊಪ್ಪು ಒಣಗಿಸಿಡುವ ಬಗ್ಗೆ ಕಳೆದ ವಾರ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಕುಂಡದಲ್ಲಿ ಬೆಳೆದದ್ದನ್ನು ಮನೆಯಲ್ಲೇ ಒಣಗಿಸಿ ಅಂತ ಹೇಳಿದ್ದು ತುಂಬಾ ಖುಷಿ ಕೊಟ್ಟಿತು. ಆದರೆ ಒಳ್ಳೆ ಬಿಸಿಲಲ್ಲಿ ಹರವಿ ಎನ್ನುವ ಸಾಲು ಮಾತ್ರ ತಪ್ಪು. ದಯವಿಟ್ಟು ಅದನ್ನು ತಿದ್ದಿ ಹಾಕಿ, ಇಲ್ಲದಿದ್ದರೆ ಓದಿದವರೆಲ್ಲ ಈ ತಿಂಗಳು ಟೆರೇಸ್ ಮೇಲೆ ತುಳಸಿ ಹರವಿ ಹಾಳು ಮಾಡಿಕೊಳ್ಳುತ್ತಾರೆ.

ಹಪ್ಪಳ, ಸಂಡಿಗೆ, ಬಾಳಕಕ್ಕೆ ಖಡಕ್ ಬಿಸಿಲೇ ಬೇಕು, ನಿಜ. ಆ ರೂಢಿಯನ್ನೇ ನಾವು ಸೊಪ್ಪಿಗೂ ತರುತ್ತೇವೆ. ತುಳಸಿ, ಪುದೀನಾ, ಮಜ್ಜಿಗೆಹುಲ್ಲಿನ ಘಮ ಇರುವುದು ಎಲೆಯೊಳಗಿನ ಎಣ್ಣೆಯಲ್ಲಿ. ಮಜ್ಜಿಗೆಹುಲ್ಲಿನಲ್ಲಿ ಅದು ಸಿಟ್ರಾಲ್, ತುಳಸಿಯಲ್ಲಿ ಹೆಚ್ಚಾಗಿ ಲವಂಗದಲ್ಲಿರುವ ಯೂಜಿನಾಲೇ. ಬಿಸಿ ತಾಗಿದರೆ ಈ ಎಣ್ಣೆ ಹಾರಿಹೋಗುತ್ತದೆ, ಬಿಸಿಲಿಗೆ ಎಲೆಯ ಹಸಿರೂ ಹೋಗುತ್ತದೆ. ಕೊನೆಗೆ ಉಳಿಯುವುದು ಬಣ್ಣ, ವಾಸನೆ ಎರಡೂ ಇಲ್ಲದ ತರಗು. ಅದನ್ನು ಕುದಿಸಿ ಏನು ಸುಖ?

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೊಯ್ಯಿರಿ. ತೊಳೆದು, ಚೆನ್ನಾಗಿ ಒದರಿ, ಹಳೆ ಪಂಚೆಯ ಮೇಲೆ ಹರಡಿ ನೀರು ಆರಲು ಬಿಡಿ. ಆಮೇಲೆ ತುಳಸಿ, ಪುದೀನಾ ಆದರೆ ಸಣ್ಣ ಸಣ್ಣ ಕಟ್ಟು ಮಾಡಿ, ಗಾಳಿಯಾಡುವ ಕೋಣೆಯಲ್ಲಿ ತಲೆಕೆಳಗಾಗಿ ನೇತುಹಾಕಿ. ಕಟ್ಟು ದಪ್ಪ ಆದರೆ ಒಳಗಿನ ಎಲೆ ಕಪ್ಪಾಗುತ್ತದೆ. ಮಜ್ಜಿಗೆಹುಲ್ಲನ್ನು ಬೆರಳುದ್ದ ಕತ್ತರಿಸಿ ಮೊರದಲ್ಲಿ ತೆಳ್ಳಗೆ ಹರಡಿದರೆ ಸಾಕು.

ನಮ್ಮ ತುಮಕೂರು, ಕೋಲಾರ, ಬೆಂಗಳೂರು ಕಡೆ ತೊಂದರೆ ಬರುವುದು ಮೋಡದಿಂದ. ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂದರೆ ಇಲ್ಲಿ ದಿನಗಟ್ಟಲೆ ಜಿಟಿಜಿಟಿ, ಸೊಪ್ಪು ಒಣಗುವುದೇ ಇಲ್ಲ. ಅಂಥ ದಿನ ಕೊಯ್ಯಲೇಬೇಡಿ. ಕೊಯ್ದಾಗಿದ್ದರೆ ಫ್ಯಾನ್ ಕೆಳಗೆ ಹರಡಿ, ದಿನಕ್ಕೆರಡು ಸಲ ಕೈಯಾಡಿಸಿ. ವಿಜಯಪುರ, ಕಲಬುರಗಿಯವರಿಗೆ ಈ ತಲೆನೋವು ಕಡಿಮೆ, ಅಲ್ಲಿನ ಒಣಗಾಳಿಯೇ ಅರ್ಧ ಕೆಲಸ ಮಾಡಿಬಿಡುತ್ತದೆ.

ಒಣಗಿದೆಯೋ ಇಲ್ಲವೋ ಅಂತ ಕ್ಯಾಲೆಂಡರ್ ನೋಡಿ ಹೇಳಲು ಆಗದು, ಕೈಯಲ್ಲೇ ನೋಡಬೇಕು. ಎಲೆ ಬೆರಳಲ್ಲಿ ಪುಡಿಯಾಗಬೇಕು, ಕಡ್ಡಿ ಬಾಗದೆ ಚಟ್ ಅಂತ ಮುರಿಯಬೇಕು. ಗಾಜಿನ ಬಾಟಲಿಗೆ ತುಂಬಿ ಮುಚ್ಚಳ ಹಾಕಿದ ಮೇಲೂ ಎರಡು ಮೂರು ದಿನ ಕಣ್ಣಿಟ್ಟಿರಿ. ಒಳಗೋಡೆಯಲ್ಲಿ ಸಣ್ಣ ನೀರಹನಿ, ಮಸುಕು ಕಂಡರೆ ಎಲ್ಲ ಹೊರತೆಗೆದು ಮತ್ತೆ ಹರಡಿ. ಬೂಷ್ಟು ಹಿಡಿದರೆ ಮಾತ್ರ ಪೂರ್ತಿ ಬಿಸಾಡಿ, ಆರಿಸಿ ಉಳಿಸಿಕೊಳ್ಳುವ ಆಸೆ ಬೇಡ. ಪುಡಿ ಮಾಡಿಡುವುದಕ್ಕಿಂತ ಎಲೆ ಇಡಿಯಾಗಿದ್ದರೆ ಘಮ ಜಾಸ್ತಿ ದಿನ ಉಳಿಯುತ್ತದೆ. ಬಾಟಲಿಯನ್ನು ಒಲೆ ಪಕ್ಕ ಇಡದೆ ಕತ್ತಲಿನ ಕಪಾಟಿನಲ್ಲಿಡಿ. ಹಸಿ ಎಲೆ ಮೂರು ಚಮಚ ಹಾಕುವಲ್ಲಿ ಒಣಗಿದ್ದು ಒಂದು ಚಮಚ ಸಾಕಾಗುತ್ತದೆ.

ಲೇಖನದ ಪಟ್ಟಿಯಲ್ಲಿ ದೊಡ್ಡಪತ್ರೆಯೂ ಇತ್ತು. ಅದನ್ನು ಯಾಕೆ ಒಣಗಿಸಬೇಕು? ಆ ದಪ್ಪ ಎಲೆಯ ತುಂಬ ನೀರೇ, ಒಣಗುವ ಮೊದಲೇ ಕಪ್ಪಾಗಿ ಕೊಳೆಯಲು ಶುರುವಾಗುತ್ತದೆ. ಒಂದು ಕಡ್ಡಿ ಮುರಿದು ಕುಂಡಕ್ಕೆ ಸಿಕ್ಕಿಸಿದರೆ ನಮ್ಮ ಚಳಿಗಾಲದಲ್ಲೂ ಹಸಿಯಾಗೇ ಸಿಗುತ್ತದೆ, ತಂಬುಳಿಗೂ ಆಯಿತು, ಕೆಮ್ಮಿಗೂ ಆಯಿತು. ಕೊತ್ತಂಬರಿ ಸೊಪ್ಪೂ ಅಷ್ಟೇ, ಒಣಗಿಸಿದರೆ ಘಮ ಉಳಿಯಲ್ಲ. ಮೆಂತ್ಯ ಸೊಪ್ಪು, ಕರಿಬೇವು ಧಾರಾಳವಾಗಿ ಒಣಗಿಸಬಹುದು. ಇನ್ನು, ಕಷಾಯ ಗಂಟಲಿಗೆ ಹಿತ, ಆದರೆ ಕೆಮ್ಮು ವಾರಗಟ್ಟಲೆ ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಅದನ್ನೂ ಒಂದು ಸಾಲು ಬರೆಯಬೇಕಿತ್ತು.

ಮತ್ತೊಂದು ಕೇಳಿಕೆ. ತೀರ್ಥಹಳ್ಳಿ, ಶೃಂಗೇರಿ, ಸಿರ್ಸಿ ಕಡೆಯವರಿಗೆ ಕಷಾಯ ಜಾಸ್ತಿ ಬೇಕಾಗುವುದು ಜೂನ್‌ನಿಂದ ಹಿಡಿಯುವ ಮಳೆಯ ಥಂಡಿಗೆ. ಆಗ ಗಾಳಿಯೇ ಒದ್ದೆ, ಏನೂ ಒಣಗಲ್ಲ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆವಾಸನೆ ಹತ್ತುತ್ತದೆ. ಅವರು ಮಳೆಗೆ ಮೊದಲೇ ಕೊಯ್ದು ಒಣಗಿಸಬೇಕು. ಹಾಗಾಗಿ ತಿದ್ದಿದ ಲೇಖನವನ್ನು ಮಲೆನಾಡಿನ ಆವೃತ್ತಿಯಲ್ಲಿ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹಾಕಿ.

ಇಂತಿ,
ತುಮಕೂರಿನ ಓದುಗಳು