ಲಕ್ವ ಹೊಡೆದ ಮೇಲೆ ತಜ್ಞರನ್ನು ಹುಡುಕುವುದಲ್ಲ

ಮಾನ್ಯರೇ,

ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲತೊಡಗಿದಾಗ ‘ಒಳ್ಳೆಯ ನರರೋಗ ತಜ್ಞರು ಯಾರು’ ಎಂದು ಹತ್ತು ಜನರಿಗೆ ಫೋನ್ ಮಾಡುತ್ತಾ ಕೂರುವ ಕುಟುಂಬಗಳು ಈಗಲೂ ಬಹಳ. ಆ ಹೊತ್ತಿಗೆ ಬೇಕಾದದ್ದು ಹೆಸರಾಂತ ವೈದ್ಯರಲ್ಲ, ಸಜ್ಜಾಗಿರುವ ಆಸ್ಪತ್ರೆ. ಮಿದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಲಕ್ವ ಹೊಡೆದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ದೊಡ್ಡ ರಕ್ತನಾಳವೇ ಮುಚ್ಚಿದ್ದರೆ ತೆಳು ಕೊಳವೆ ತೂರಿಸಿ ಹೆಪ್ಪನ್ನು ಹೊರತೆಗೆಯುವುದು 6 ಗಂಟೆಯೊಳಗೆ. ಸ್ಕ್ಯಾನ್‌ನಲ್ಲಿ ಉಳಿಸಬಹುದಾದ ಮಿದುಳು ಕಂಡರೆ ಕೆಲವರಿಗೆ 24 ಗಂಟೆಯವರೆಗೂ ಸಾಧ್ಯ.

ಬಿ.ಪಿ., ಮಧುಮೇಹ, ಹೃದಯಬಡಿತದ ಏರುಪೇರು ಇರುವವರ ಮನೆಯವರು ಎಲ್ಲ ನೆಟ್ಟಗಿರುವಾಗಲೇ ವಿಚಾರಿಸಿಡಬೇಕು. ‘ನ್ಯೂರಾಲಜಿಸ್ಟ್ ಇದ್ದಾರೆ’ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಬೆಳಿಗ್ಗೆ ಎರಡು ಗಂಟೆ ಒಪಿಡಿಗೆ ಬಂದು ಹೋಗುವವರೂ ಆ ಲೆಕ್ಕಕ್ಕೆ ಸೇರುತ್ತಾರೆ. ನಡುರಾತ್ರಿ ಸಿ.ಟಿ. ಸ್ಕ್ಯಾನ್ ಆಗುತ್ತದೆಯೇ? ಅದನ್ನು ನೋಡಿ ತೀರ್ಮಾನಿಸುವ ತಜ್ಞರು ಖುದ್ದಾಗಿಯೋ ವಿಡಿಯೊ ಕರೆಯಲ್ಲೋ ಸಿಗುತ್ತಾರೆಯೇ? ಚುಚ್ಚುಮದ್ದು ಆಸ್ಪತ್ರೆಯಲ್ಲೇ ದಾಸ್ತಾನಿದೆಯೇ? ರೋಗಿ ಬಾಗಿಲಿಗೆ ಬಂದ ಒಂದು ಗಂಟೆಯೊಳಗೆ ಅದು ರಕ್ತನಾಳ ಸೇರಬೇಕು. ಕೊಳವೆ ಚಿಕಿತ್ಸೆ ಎಲ್ಲ ನರರೋಗ ತಜ್ಞರೂ ಮಾಡುವುದಿಲ್ಲ, ಅದಕ್ಕೆ ಬೇರೆಯೇ ತರಬೇತಿ ಬೇಕು. ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತಾರೆ, ಆಂಬುಲೆನ್ಸ್ ಯಾರದು ಎಂಬುದನ್ನೂ ಕೇಳಿ. ಮಿದುಳಲ್ಲಿ ರಕ್ತಸ್ರಾವವಾಗಿದ್ದರೆ ನ್ಯೂರೋಸರ್ಜನ್ ಬೇಕಾಗಬಹುದು.

ಎಷ್ಟೇ ಒಳ್ಳೆಯ ತಜ್ಞರಿದ್ದರೂ ಮನೆಯಲ್ಲಾಗುವ ತಪ್ಪುಗಳು ಅವರ ಕೈ ಕಟ್ಟಿಹಾಕುತ್ತವೆ. ಆಸ್ಪಿರಿನ್ ನುಂಗಿಸಬೇಡಿ, ರಕ್ತನಾಳ ಕಟ್ಟಿಕೊಂಡದ್ದೋ ಒಡೆದದ್ದೋ ಸ್ಕ್ಯಾನ್ ಆಗುವವರೆಗೆ ಯಾರಿಗೂ ತಿಳಿಯದು. ನೀರನ್ನೂ ಕುಡಿಸಬೇಡಿ, ಗಂಟಲಿನ ಸ್ನಾಯು ಸೋತಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ವೈದ್ಯರು ಮೊದಲು ಕೇಳುವುದು ಸಮಯ. ನೀವು ನೋಡಿದ ಹೊತ್ತಲ್ಲ, ರೋಗಿ ಕೊನೆಯ ಬಾರಿ ಚೆನ್ನಾಗಿದ್ದ ಹೊತ್ತು. ರಾತ್ರಿ ಹತ್ತಕ್ಕೆ ಮಲಗಿದವರು ಬೆಳಿಗ್ಗೆ ಆರಕ್ಕೆ ಕೈ ಎತ್ತಲಾಗದೆ ಎದ್ದರೆ ಲೆಕ್ಕ ಶುರುವಾಗುವುದು ಹತ್ತರಿಂದ. ಇಂಥವರಲ್ಲಿ ಕೆಲವರಿಗೆ ಎಂ.ಆರ್.ಐ. ನೋಡಿ ಚುಚ್ಚುಮದ್ದು ಕೊಡಲು ಬರುತ್ತದೆ, ಹಾಗಾಗಿ ತಡವಾಯಿತೆಂದು ಕೈಚೆಲ್ಲಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿ ಜೊತೆಗಿರಲಿ.

ವೈದ್ಯರನ್ನು ಆರಿಸಿಕೊಳ್ಳಲು ನಿಜಕ್ಕೂ ಬಿಡುವಿರುವುದು ಮನೆಗೆ ಬಂದ ಮೇಲೆ. ಲಕ್ವ ಯಾಕಾಯಿತು ಎಂದು ಬೆನ್ನುಹತ್ತುವವರನ್ನು ಆರಿಸಿ. ಕತ್ತಿನ ರಕ್ತನಾಳದ ಸ್ಕ್ಯಾನ್ ಮಾಡಿಸುತ್ತಾರೆಯೇ, ಒಂದು ಇಸಿಜಿಗೆ ನಿಲ್ಲಿಸದೆ ಹೃದಯಬಡಿತವನ್ನು ಹೆಚ್ಚು ಹೊತ್ತು ದಾಖಲಿಸುತ್ತಾರೆಯೇ ನೋಡಿ. ಬಡಿತ ತಾಳತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಸಿಕ್ಕರೆ ಔಷಧವೇ ಬೇರೆ, ಆಸ್ಪಿರಿನ್ ಅಲ್ಲಿಗೆ ಸಾಲದು. ಸಣ್ಣ ಪ್ರಮಾಣದ ಲಕ್ವಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳೆರಡನ್ನೂ ಒಟ್ಟಿಗೆ ಕೊಡುವುದು ಸಾಮಾನ್ಯವಾಗಿ 21 ದಿನ, ಆಮೇಲೆ ಒಂದೇ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಎರಡನ್ನೂ ನುಂಗುವವರಿಗೆ ರಕ್ತಸ್ರಾವದ ಅಪಾಯ ಹೆಚ್ಚು. ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ತಾರೀಖು ಹಾಕಿ ಬರೆಯುವವರೇ ಒಳ್ಳೆಯ ವೈದ್ಯರು. ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ, ನೀವಾಗಿಯೇ ನಿಲ್ಲಿಸಬೇಡಿ.