ಚಿಕಾಗೋದಿಂದ ಬಂದ ಫೋಟೋ, ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ಹೋದ ಚಪ್ಪಲಿ

ಲೋ ಗುಂಡಾ,

ನೀನು ಕಳಿಸಿದ ಫೋಟೋ ನೋಡಿದೆ. 2120, ಸೌತ್ ಮಿಷಿಗನ್ ಅವೆನ್ಯೂ. ಎರಡಂತಸ್ತಿನ ಸಾಧಾರಣ ಕಟ್ಟಡ, ಅದರ ಮುಂದೆ ಜಾಕೆಟ್ ಹಾಕಿಕೊಂಡು ಹಲ್ಲು ಕಿರಿಯುತ್ತಾ ನಿಂತ ನೀನು. ಚಿಕ್ಕಪೇಟೆಯಲ್ಲಿದ್ದಿದ್ದರೆ ಕೆಳಗೆ ಸೀರೆ ಅಂಗಡಿ, ಮೇಲೆ ಗೋಡೌನ್ ಆಗಿರುತ್ತಿತ್ತು. "ಇಷ್ಟೇನಾ ಮಾರಾಯ?" ಅಂತ ಬೇರೆ ಬರೆದಿದ್ದೀಯ.

ಇಷ್ಟೇ ಕಣೋ. 1964ರ ಜೂನ್‌ನಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಹುಡುಗರು ಮೊದಲ ಸಲ ಅಮೆರಿಕಕ್ಕೆ ಹೋದಾಗ ಹರಕೆ ಹೊತ್ತವರ ಹಾಗೆ ಬಂದು ನಿಂತಿದ್ದು ಈ ಬಾಗಿಲಿಗೇ. ಚೆಸ್ ಸ್ಟುಡಿಯೋ. ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್, ಚಕ್ ಬೆರ್ರಿಯಂಥ ಅಮೆರಿಕದ ಕಪ್ಪು ಗಾಯಕರು ಹಾಡಿದ ಜಾಗ. ಎರಡು ದಿನ ಅಲ್ಲೇ ಕೂತು ರೆಕಾರ್ಡ್ ಮಾಡಿದರು. ಒಳಗೆ ಹೋದಾಗ ಮಡ್ಡಿ ವಾಟರ್ಸ್ ಏಣಿ ಹತ್ತಿ ಚಾವಣಿಗೆ ಬಣ್ಣ ಬಳಿಯುತ್ತಿದ್ದ ಅಂತ ಸ್ಟೋನ್ಸ್‌ನ ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಎಷ್ಟೋ ಸಲ ಹೇಳಿದ್ದಾನೆ. ಸ್ಟುಡಿಯೋ ಮಾಲೀಕನ ಮಗ ಮಾರ್ಷಲ್ ಚೆಸ್, ಅದೆಲ್ಲ ಕಟ್ಟುಕಥೆ ಅನ್ನುತ್ತಾನೆ. ನನಗೇನೋ ಮಾರ್ಷಲ್ ಮಾತೇ ಸರಿ ಅನ್ನಿಸುತ್ತೆ. ಆದರೂ ಕೀತ್ ಹೇಳುವ ಕಥೆ ಕೇಳೋಕೆ ಚೆನ್ನಾಗಿದೆ, ಅಲ್ವಾ? ನೀನು ಹೇಳುವ ನಿನ್ನ ಕಾಲೇಜಿನ ಕಥೆಗಳ ಹಾಗೆ.

ಆ ಫೋಟೋ ನೋಡಿದಾಗಿನಿಂದ ನನಗೆ ಯಶವಂತಪುರದ ನಮ್ಮ ರೂಮೇ ನೆನಪಾಗುತ್ತಿದೆ. ಮಹಡಿ ಮೇಲಿನ ಶೀಟ್ ಮನೆ. ನಿನ್ನ ಗಿಟಾರ್‌ನ ಎಲ್ಲಕ್ಕಿಂತ ದಪ್ಪ ತಂತಿ ಕಿತ್ತುಹೋಗಿ, ತಿಂಗಳ ಕೊನೆ ಅಂತ ಹೊಸದು ತರದೆ, ಐದೇ ತಂತಿಯಲ್ಲಿ ಟೊಂಯ್ ಟೊಂಯ್ ಅನ್ನಿಸುತ್ತಿದ್ದೆಯಲ್ಲ? ನಾನು ಎಷ್ಟು ರೇಗಿಸುತ್ತಿದ್ದೆ! ಆಮೇಲೆ ಗೊತ್ತಾಗಿದ್ದು, ಕೀತ್ ಆ ಆರನೇ ತಂತಿಯನ್ನು ಬೇಕಂತಲೇ ತೆಗೆದುಹಾಕುತ್ತಾನೆ ಅಂತ. ಉಳಿದ ಐದನ್ನು ಜಿ, ಡಿ, ಜಿ, ಬಿ, ಡಿ ಅಂತ ಶ್ರುತಿ ಮಾಡುತ್ತಾನೆ. ಬೆರಳೇ ಇಡದೆ ಮೀಟಿದರೂ ಒಂದು ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು, ತಾನಾಗಿ ಬರುತ್ತದೆ. ನೀನು ಅದನ್ನು ಓದಿದ ದಿನ "ನೋಡಿದ್ಯಾ, ನಾನು ಹುಟ್ಟಾ ಕೀತು" ಅಂತ ಬೀಗಿದ್ದು ಇನ್ನೂ ಮರೆತಿಲ್ಲ. ಶ್ರುತಿ ಮಾತ್ರ ಆವತ್ತೂ ಮಾಡಲಿಲ್ಲ.

ಕೆಳಗಡೆ ಮನೆ ತಾತ ನೆನಪಿದ್ದಾರಾ? ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿ ಒಂದನ್ನೂ ಬಿಡದವರು. ಒಂದಿನ ಸಂಜೆ ನಾವು ಜೋರಾಗಿ ಸ್ಟೋನ್ಸ್ ಕ್ಯಾಸೆಟ್ ಹಾಕಿದ್ದಾಗ ಮೆಟ್ಟಿಲು ಹತ್ತಿ ಬಂದರು. ಬೈಯೋಕೆ ಬಂದರು ಅಂತ ನೀನು ಟೇಪ್‌ರೆಕಾರ್ಡರ್ ಮೇಲೆ ಟವೆಲ್ ಎಸೆದೆ. ಅವರು ಬಾಗಿಲಲ್ಲೇ ನಿಂತು, ಟವೆಲ್ ತೆಗೀರಿ ಅಂತ ಸನ್ನೆ ಮಾಡಿ, ತೊಡೆ ಮೇಲೆ ತಾಳ ಹಾಕಿದರು. "ಹಾಡೋನು ಅರಚ್ತಾನೆ. ಆದ್ರೆ ಡ್ರಮ್ ಹೊಡೆಯೋನು ಗಟ್ಟಿಗ ಕಣಯ್ಯ. ಎಲ್ಲರಿಗೂ ಜಾಗ ಬಿಡ್ತಾನೆ" ಅಂದು ಇಳಿದು ಹೋದರು.

ಆಗ ನಾವು ನಕ್ಕಿದ್ವಿ. ಮುಂದೆ ಹಾಡುವ ಮಿಕ್ ಜ್ಯಾಗರ್ ಬಿಟ್ಟು ಹಿಂದೆ ಕೂತವನನ್ನು ಯಾರು ನೋಡುತ್ತಿದ್ದರು?

ಆಮೇಲೆ 2003ರ ಏಪ್ರಿಲ್ 4. ಶುಕ್ರವಾರ. ಆ ವರ್ಷದ ಪ್ರವಾಸದಲ್ಲಿ ಸ್ಟೋನ್ಸ್‌ನವರು ಚೀನಾಕ್ಕೆ ಹೋಗಲಾಗಲಿಲ್ಲ, ಸಾರ್ಸ್ ರೋಗದಿಂದ ಶಾಂಘೈ, ಬೀಜಿಂಗ್ ಎರಡೂ ರದ್ದಾದವು. ಆದರೆ ಬೆಂಗಳೂರಿಗೆ ಬಂದರು! ಪ್ಯಾಲೇಸ್ ಗ್ರೌಂಡ್ಸ್‌ಗೆ! ಮೂರು ದಿನ ಬಿಟ್ಟು ಮುಂಬೈಯ ಬ್ರೆಬೋರ್ನ್ ಸ್ಟೇಡಿಯಂ. ಆವತ್ತು ಬಿದ್ದ ಮಳೆಯ ಬಗ್ಗೆ ನಮ್ಮಜ್ಜಿಗೆ ಫೋನಲ್ಲಿ ಹೇಳಿದಾಗ "ರೇವತಿ ಮಳೆ ಕಣೋ, ಒಳ್ಳೇದು" ಅಂದಿದ್ದರು. ಅವರಿಗೇನು ಗೊತ್ತು, ಆ ಒಳ್ಳೇ ಮಳೆ ನನ್ನ ಎಡಗಾಲಿನ ಚಪ್ಪಲಿ ನುಂಗಿತ್ತು ಅಂತ. ಕೆಸರಲ್ಲಿ ಕಾಲು ಹೂತು, ಎಳೆದುಕೊಂಡರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಹುಡುಕೋಣ ಅಂತ ಬಗ್ಗಿದರೆ ಹಿಂದಿನಿಂದ ನೂಕಿದರು. ಅಷ್ಟರಲ್ಲಿ ಕೀತ್ ತಂತಿ ಮೀಟಿದ. ಚಪ್ಪಲಿ ಹೋದರೆ ಹೋಗಲಿ ಅಂದುಕೊಂಡೆ.

ನಮಗಾಗ 24. ಮಿಕ್‌ಗೂ ಕೀತ್‌ಗೂ 59, ಡ್ರಮ್ ಹೊಡೆಯುವ ಚಾರ್ಲಿ ವಾಟ್ಸ್‌ಗೆ 61. "ಈ ಮುದುಕರಿಗೆ ಶೀತ ಆಗಲ್ವೇನೋ" ಅಂತ ನೀನು ಕೇಳಿದ್ದೆ. ವಾಪಸ್ ಬರುವಾಗ ಬಸ್ಸೂ ಇಲ್ಲ, ಆಟೋದವರು ಮುಖ ನೋಡಿಯೇ ಮುಂದೆ ಹೋದರು. ಮೇಖ್ರಿ ಸರ್ಕಲ್ ಮೇಲೆ ಹಾದು, ಟಾಟಾ ಇನ್‌ಸ್ಟಿಟ್ಯೂಟ್ ಮುಂದೆ, ಒಂದೇ ಚಪ್ಪಲಿಯಲ್ಲಿ ಯಶವಂತಪುರದವರೆಗೂ ನಡೆದೆ. ಸದಾಶಿವನಗರದ ಹತ್ತಿರ ನೀನೂ ಒಂದು ಚಪ್ಪಲಿ ತೆಗೆದು ಕೈಯಲ್ಲಿ ಹಿಡ್ಕೊಂಡೆ. ಯಾಕೆ ಅಂತ ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ.

2021ರ ಆಗಸ್ಟ್ 24ಕ್ಕೆ ಚಾರ್ಲಿ ಹೋದ. 80 ವರ್ಷ. ಆವತ್ತು ರಾತ್ರಿ ಕೂತು ಅವನ ಹಳೇ ವಿಡಿಯೋಗಳನ್ನು ನೋಡಿದೆ, ಬರೀ ಕೈ ನೋಡುತ್ತಾ. ಆಗ ಕಣ್ಣಿಗೆ ಬಿತ್ತು. ಉಳಿದ ಡ್ರಮ್ಮರ್‌ಗಳ ಬಲಗೈ ಹೈ-ಹ್ಯಾಟ್ ಅನ್ನೋ ಜೋಡಿ ತಾಳದ ತಟ್ಟೆ ಮೇಲೆ ಬಿಡದೆ ಬಡಿಯುತ್ತಲೇ ಇರುತ್ತದೆ. ಚಾರ್ಲಿ ಹಾಗಲ್ಲ. ಎಡಗೈ ಸ್ನೇರ್ ಡ್ರಮ್ ಮೇಲೆ ಬೀಳುವ ಆ ಕ್ಷಣಕ್ಕೆ ಸರಿಯಾಗಿ ಬಲಗೈಯನ್ನು ಹಿಂದಕ್ಕೆ ಎತ್ತಿಬಿಡುತ್ತಾನೆ. ಒಂದು ಪೆಟ್ಟು ಬಿಟ್ಟುಬಿಡುತ್ತಾನೆ. ಆ ಸಂದಿಯಲ್ಲಿ ಕೀತ್‌ನ ಗಿಟಾರ್ ನುಗ್ಗುತ್ತದೆ. ತಾತ ಹೇಳಿದ ಜಾಗ ಅದೇ ಕಣೋ! ಕ್ಯಾಸೆಟ್ಟಲ್ಲಿ, ಒಂದು ಸಲ ಕೇಳಿ ಹಿಡಿದಿದ್ದರು. ಅವರಿಗೆ ಫೋನ್ ಮಾಡಿ ಹೇಳೋಣ ಅಂದರೆ ಅವರೂ ಹೋಗಿ ಎಷ್ಟೋ ವರ್ಷ ಆಗಿತ್ತು.

ಈಗ ಯೋಚನೆ ಮಾಡಿದರೆ, ಸ್ಟೋನ್ಸ್ ನನಗೆ ಹಿಡಿಸಿದ್ದು ಅವರೂ ನಮ್ಮಂಥ ಅಭಿಮಾನಿಗಳೇ ಅನ್ನೋ ಕಾರಣಕ್ಕೆ. 1961ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲ್ವೆ ಸ್ಟೇಷನ್‌ನಲ್ಲಿ ಕೀತ್ ಮಾತಾಡಿಸಿದ್ದು ಮಿಕ್ ಕಂಕುಳಲ್ಲಿದ್ದ ಚಕ್ ಬೆರ್ರಿ, ಮಡ್ಡಿ ವಾಟರ್ಸ್ ರೆಕಾರ್ಡ್ ನೋಡಿ. ಬ್ಯಾಂಡಿನ ಹೆಸರೂ ಮಡ್ಡಿ 1950ರಲ್ಲಿ ಹಾಡಿದ 'ರೋಲಿನ್ ಸ್ಟೋನ್'ದೇ. 1965ರಲ್ಲಿ ಅಮೆರಿಕದ ಟೀವಿಯವರು ಕರೆದಾಗ, ನಮ್ಮ ಜೊತೆ ಹೌಲಿನ್ ವುಲ್ಫ್ ಕೂಡ ಬರಬೇಕು ಅಂತ ಪಟ್ಟು ಹಿಡಿದರು. ಆ ವಿಡಿಯೋ ನೋಡು. ಆ ದೈತ್ಯ ಹಾಡುತ್ತಿದ್ದರೆ ಇವರು ಅವನ ಕಾಲ ಬುಡದಲ್ಲಿ ಸ್ಕೂಲ್ ಮಕ್ಕಳ ಹಾಗೆ ಕೂತಿದ್ದಾರೆ. ಕಪ್ಪು ಜನರ ಹಾಡಿನಿಂದ ಜಾಸ್ತಿ ದುಡ್ಡು ಮಾಡಿದ್ದು ಇವರೇ, ಅದೂ ನಿಜ. ಆದರೆ ಯಾರ ಹಾಡು ಅಂತ ಬಚ್ಚಿಡಲಿಲ್ಲ.

ಮೊದಮೊದಲ ಕೆಲವು ಹಾಡು ಈಗ ಕೇಳಿದರೆ ಪರೀಕ್ಷೆಗೆ ಬಾಯಿಪಾಠ ಮಾಡಿದ ಹಾಗಿವೆ, ಬೈಕೋಬೇಡ. 2016ರ 'ಬ್ಲೂ ಅಂಡ್ ಲೋನ್‌ಸಮ್' ಆಲ್ಬಮ್ ಹಾಗಲ್ಲ. ಹನ್ನೆರಡೂ ಹಳೇ ಬ್ಲೂಸ್, ಅಂದರೆ ಆ ಕಪ್ಪು ಜನರ ಶೈಲಿಯ ಹಾಡು, ಮೂರೇ ದಿನದಲ್ಲಿ ಮುಗಿಸಿದ್ದು. ಮಿಕ್‌ನ ಮೌತ್ ಆರ್ಗನ್ ಕೇಳು, ಎಪ್ಪತ್ತು ದಾಟಿದವನ ಉಸಿರಾ ಅದು? 2023ರ 'ಹ್ಯಾಕ್ನಿ ಡೈಮಂಡ್ಸ್'ನಲ್ಲಿ ಚಾರ್ಲಿ ಹೋಗುವ ಮುಂಚೆ ನುಡಿಸಿಟ್ಟ ಎರಡು ಹಾಡಿವೆ. ಕೊನೆಗೆ ಬರೋದು ಮಡ್ಡಿಯ ಅದೇ ಹಾಡು. ಮಿಕ್ ಮತ್ತು ಕೀತ್, ಇಬ್ಬರೇ. ಡ್ರಮ್ಸ್ ಇಲ್ಲ. ಮಡ್ಡಿ ಹಾಡಿದಾಗಲೂ ಇರಲಿಲ್ಲ ಬಿಡು. ಆದರೂ ನಾನು ಕಾರ್ ಪಕ್ಕಕ್ಕೆ ನಿಲ್ಲಿಸಿ ಕೇಳಿದೆ.

ಡಿಸೆಂಬರ್‌ನಲ್ಲಿ ಬರ್ತೀನಿ ಅಂದಿದ್ದೀಯ. ನಿನ್ನ ಹಳೇ ಗಿಟಾರ್ ನಮ್ಮ ಮನೆ ಅಟ್ಟದ ಮೇಲೇ ಇತ್ತು, ಹೋದ ವಾರ ಇಳಿಸಿದೆ. ಮಗಳು ಒರೆಸಿಕೊಟ್ಟಳು. ಅಂಗಡಿಗೆ ಕೊಟ್ಟು ತಂತಿ ಹಾಕಿಸಿದೆ. ಆರು ಹಾಕಲಾ ಅಂತ ಅವನು ಕೇಳಿದ. ಐದು ಸಾಕು ಅಂದೆ.

ನಿನ್ನ ಹಳೇ ರೂಮ್‌ಮೇಟ್