ಪ್ಲೇಟ್ ಸೇರಿಸಿದ ಮಾತ್ರಕ್ಕೆ ಹಳೇ ಪಿಕಪ್ ಜಾಸ್ತಿ ಲೋಡ್ ಹೊರಲ್ಲ

ಮಾನ್ಯ ಸಂಪಾದಕರೇ,

ಹಳೇ ಪಿಕಪ್‌ಗೆ ಲೋಡ್ ಕೆಪ್ಯಾಸಿಟಿ ಜಾಸ್ತಿ ಮಾಡ್ಕೊಳ್ಳೋದು ಹೇಗೆ ಅಂತ ನಿಮ್ಮ ವಾಹನ ಪುಟದಲ್ಲಿ ಬಂದಿದ್ದನ್ನ ಓದ್ದೆ. ಬರೆದಿರೋದು ಸುಳ್ಳಲ್ಲ, ಆದ್ರೆ ಅರ್ಧಕ್ಕೇ ನಿಲ್ಸಿಬಿಟ್ಟಿದಾರೆ. ಹಿಂದಿನ ಸ್ಪ್ರಿಂಗ್ ಕಟ್ಟಿಗೆ ಎರಡು ಪ್ಲೇಟ್ (ಸ್ಪ್ರಿಂಗ್ ಪಟ್ಟಿ) ಸೇರ್ಸಿ, ಇಲ್ಲಾಂದ್ರೆ ಸ್ಪ್ರಿಂಗ್ ಜೊತೆ ಭಾರ ಹೊರೋ ಗಾಳಿ ಚೀಲ, ಅಂದ್ರೆ ಏರ್‌ಬ್ಯಾಗ್ ಕೂರ್ಸಿ, ಆಮೇಲೆ ಗಾಡಿ ಹಿಂದೆ ಕೂರಲ್ಲ ಆರಾಮಾಗಿ ತುಂಬ್ಕೊಂಡು ಹೋಗಿ ಅನ್ನೋ ಹಾಗಿದೆ, ಅದನ್ನ ಓದಿ ಮಾರನೇ ದಿನವೇ ಗ್ಯಾರೇಜಿಗೆ ಗಾಡಿ ತಗೊಂಡು ಹೋಗೋರು ಖಂಡಿತ ಇರ್ತಾರೆ, ಅದಕ್ಕೇ ಈ ಪತ್ರ.

ಕಂಪನಿಯವ್ರು ಗಾಡಿ, ಲೋಡ್ ಎಲ್ಲಾ ಸೇರಿ ಒಟ್ಟು ತೂಕ ಇಷ್ಟೇ ಅಂತ ಬರೀತಾರಲ್ಲ, ಅದು ಸ್ಪ್ರಿಂಗ್ ಒಂದನ್ನೇ ನೋಡಿ ಬರೆದದ್ದಲ್ಲ. ಆಕ್ಸಲ್ (ಎರಡು ಕಡೆ ಚಕ್ರ ಕೂಡಿಸೋ ಅಚ್ಚು), ಬೇರಿಂಗ್, ಟೈರ್, ಬ್ರೇಕ್, ಚಾಸಿ (ಗಾಡಿಯ ಕಬ್ಬಿಣದ ಅಡಿಗಟ್ಟು), ಕ್ಲಚ್, ರೇಡಿಯೇಟರ್ ಎಲ್ಲಾ ಸೇರಿ ಬರೋ ಲೆಕ್ಕ ಅದು. ಸ್ಪ್ರಿಂಗ್ ಗಟ್ಟಿ ಮಾಡಿದ್ರೆ ಗಾಡಿ ನೆಟ್ಟಗೆ ನಿಂತಿರೋ ಥರ ಕಾಣುತ್ತೆ, ಅಷ್ಟಕ್ಕೆ ಓನರ್‌ಗೆ ಧೈರ್ಯ ಬಂದು ಇನ್ನೂ ನಾಲ್ಕು ಮೂಟೆ ಹೇರ್ತಾನೆ.

ಯಾರೂ ಹೇಳದೇ ಇರೋ ವಿಷಯ ಇನ್ನೊಂದಿದೆ. ಸುಮಾರು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಸಣ್ಣ ರಾಡ್ ಕಟ್ಟಿರೋ ಒಂದು ಬ್ರೇಕ್ ವಾಲ್ವ್ ಇರುತ್ತೆ, ಲೋಡ್ ಸೆನ್ಸಿಂಗ್ ವಾಲ್ವ್ ಅಂತಾರೆ. ಲೋಡ್ ಬಿದ್ದು ಚಾಸಿ ಕೆಳಗಿಳಿದಷ್ಟೂ ಅದು ಹಿಂದಿನ ಬ್ರೇಕಿಗೆ ಪ್ರೆಶರ್ ಜಾಸ್ತಿ ಬಿಡುತ್ತೆ, ಖಾಲಿ ಇದ್ದಾಗ ಕಮ್ಮಿ ಬಿಡುತ್ತೆ, ಇಲ್ಲಾಂದ್ರೆ ಖಾಲಿ ಗಾಡಿಯಲ್ಲಿ ಜೋರಾಗಿ ಬ್ರೇಕ್ ಹಾಕಿದ್ರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿನೇ ತಿರುಗಿಬಿಡುತ್ತೆ. ಈಗ ನೀವು ಪ್ಲೇಟ್ ಹಾಕ್ಸಿ ಹಿಂಭಾಗ ಎತ್ತರ ಮಾಡಿದ್ರಿ ಅನ್ಕೊಳ್ಳಿ, ಫುಲ್ ಲೋಡ್ ಇದ್ರೂ ಆ ವಾಲ್ವ್ ಗಾಡಿ ಖಾಲಿ ಇದೆ ಅಂತಲೇ ತಿಳ್ಕೊಂಡು ಹಿಂದಿನ ಬ್ರೇಕನ್ನ ಕಮ್ಮಿ ಮಾಡ್ಬಿಡುತ್ತೆ. ಅಂದ್ರೆ ತೂಕ ಜಾಸ್ತಿ ಆಯ್ತು, ಬ್ರೇಕ್ ಕಮ್ಮಿ ಆಯ್ತು! ಪ್ಲೇಟ್ ಹಾಕಿದ ಮೇಲೆ ಆ ರಾಡ್ ಸೆಟ್ಟಿಂಗ್ ಮತ್ತೆ ಮಾಡ್ಬೇಕು, ಎಷ್ಟು ಗ್ಯಾರೇಜಲ್ಲಿ ಮಾಡ್ತಾರೋ ದೇವರೇ ಬಲ್ಲ.

ಬ್ರೇಕ್ ಬಿಸಿ ಲೆಕ್ಕಾನೂ ನೋಡಿ. ಒಟ್ಟು ತೂಕ 2,000 ಕೆ.ಜಿ.ಯಿಂದ 2,500 ಕೆ.ಜಿ. ಆದ್ರೆ ಅದೇ ಸ್ಪೀಡಿಂದ ನಿಲ್ಸೋಕೆ ಬ್ರೇಕ್ ಕುಡೀಬೇಕಾದ ಶಾಖ ಕಾಲು ಭಾಗ ಜಾಸ್ತಿ, ಅದರ ಜೊತೆ ಸ್ಪೀಡೂ 60ರಿಂದ 80ಕ್ಕೆ ಹೋದ್ರೆ ಎರಡು ಪಟ್ಟು ದಾಟುತ್ತೆ. ಡಾಟ್ 3 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದ್ರಲ್ಲಿ ಕಮ್ಮಿ ಅಂದ್ರೂ 205 ಡಿಗ್ರಿವರೆಗೂ ಕುದಿಯಬಾರದು ಅಂತಿದೆ, ಆದ್ರೆ ಅದು ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ, ನೀರು ಸೇರಿದ ಆಯಿಲ್‌ಗೆ ಆ ಮಟ್ಟ 140 ಅಷ್ಟೇ. ವರ್ಷಗಟ್ಟಲೆ ಆಯಿಲ್ ಬದಲಾಯಿಸದ ಗಾಡಿ ಲೋಡ್ ಹೊತ್ಕೊಂಡು ಉದ್ದ ಇಳಿಜಾರು ಇಳಿದ್ರೆ ಆಯಿಲ್ ಕುದ್ದು ಆವಿ ಆಗಿ, ಬ್ರೇಕ್ ಹಿಡಿಯದೆ ಪೆಡಲ್ ಒತ್ತಿದಷ್ಟೂ ಒಳಗೇ ಹೋಗ್ಬೋದು.

ಟೈರ್ ಸೈಡಲ್ಲಿ ಸೈಜ್ ಆದ್ಮೇಲೆ ಬರೋ ನಂಬರ್ ನೋಡಿ, ಅದು ಲೋಡ್ ಇಂಡೆಕ್ಸ್. 100 ಅಂದ್ರೆ ಒಂದು ಟೈರಿಗೆ 800 ಕೆ.ಜಿ., 110 ಅಂದ್ರೆ 1,060, ಅದೂ ಸರಿಯಾದ ಗಾಳಿ ಇದ್ರೆ ಮಾತ್ರ. ಜಾಸ್ತಿ ಇಂಡೆಕ್ಸ್ ಟೈರ್ ಹಾಕ್ಸಿದ್ರೆ ಟೈರ್ ಉಳಿಯುತ್ತೆ, ಆಕ್ಸಲ್ ಹಳೇದೇ.

ಲೋಡ್ ಎಲ್ಲಿ ಇಡ್ತೀವಿ ಅನ್ನೋದೂ ಮುಖ್ಯ. ಮುಂದಿನ ಹಿಂದಿನ ಚಕ್ರಗಳ ನಡುವೆ 3 ಮೀಟರ್ ಇರೋ ಗಾಡಿಯಲ್ಲಿ 300 ಕೆ.ಜಿ. ತಗೊಂಡೋಗಿ ಹಿಂದಿನ ಆಕ್ಸಲ್‌ಗಿಂತ 1 ಮೀಟರ್ ಹಿಂದೆ ಇಟ್ರೆ ಹಿಂದಿನ ಆಕ್ಸಲ್ ಮೇಲೆ ಬೀಳೋದು 400, ಮುಂದಿನ ಆಕ್ಸಲ್‌ನಿಂದ 100 ಎದ್ದು ಹೋಗುತ್ತೆ. ಸ್ಟೀರಿಂಗ್ ಹಗುರ ಆಗೋದು ಇದಕ್ಕೇ.

ಹಾಗಾದ್ರೆ ಏನೂ ಮಾಡೋಕಾಗಲ್ವಾ ಅಂತ ಕೇಳ್ಬೋದು. ಮಾಡ್ಬೋದು, ಆದ್ರೆ ಮೊದ್ಲು ಗಾಡಿ ಹೊಸದಾಗಿದ್ದಾಗ ಎಷ್ಟು ಹೊರ್ತಿತ್ತೋ ಅಷ್ಟಕ್ಕೆ ವಾಪಸ್ ತರ್ಬೇಕು, ಯಾಕಂದ್ರೆ ಹಳೇ ಗಾಡಿಗೆ ಆ ಶಕ್ತಿನೇ ಉಳಿದಿರಲ್ಲ. ಚಪ್ಪಟೆ ಆಗಿರೋ, ಬಿರುಕು ಬಿಟ್ಟಿರೋ ಪ್ಲೇಟ್ ಬದಲಾಯ್ಸಿ, ಸ್ಪ್ರಿಂಗನ್ನ ಆಕ್ಸಲಿಗೆ ಬಿಗಿಯೋ ಯು ಬೋಲ್ಟ್ ಹೊಸದೇ ಹಾಕಿ, ಬುಷ್, ವೀಲ್ ಬೇರಿಂಗ್, ಬ್ರೇಕ್ ಲೈನರ್, ಬ್ರೇಕ್ ಆಯಿಲ್, ರೇಡಿಯೇಟರ್ ಎಲ್ಲಾ ನೋಡಿಸಿ. ಆಮೇಲೆ ಗಾಡಿ ಮೇಲಿರೋ ಬೇಡದ ಕಬ್ಬಿಣ ಇಳ್ಸಿ. ದಪ್ಪ ಗಾರ್ಡು, ಕ್ಯಾರಿಯರ್ರು, ಯಾವತ್ತೋ ಬೇಕಾಗುತ್ತೆ ಅಂತ ಇಟ್ಟಿರೋ ಸಾಮಾನು, ಇದರಲ್ಲಿ 80 ಕೆ.ಜಿ. ಇಳಿದ್ರೆ 80 ಕೆ.ಜಿ. ಲೋಡ್ ನ್ಯಾಯವಾಗೇ ಸಿಕ್ಕಂಗೆ, ಇದಕ್ಕಿಂತ ಅಗ್ಗದ ದಾರಿ ನನಗಂತೂ ಗೊತ್ತಿಲ್ಲ. ಏರ್‌ಬ್ಯಾಗ್ ಬೇಡ ಅಂತಲೂ ನಾನು ಹೇಳ್ತಿಲ್ಲ, ಮಿತಿಯೊಳಗಿನ ಲೋಡಲ್ಲಿ ಗಾಡಿ ಮಟ್ಟ ನಿಲ್ಸೋಕೆ ಅದು ಒಳ್ಳೇದೇ. ಇನ್ನೂ ಜಾಸ್ತಿ ಸಾಗಿಸ್ಲೇಬೇಕು ಅಂದ್ರೆ ತನ್ನದೇ ಆಕ್ಸಲ್, ತನ್ನದೇ ಬ್ರೇಕ್ ಇರೋ ಟ್ರೇಲರ್ ವಾಸಿ, ಅದೂ ಆ ಗಾಡಿಗೆ ಎಳೆಯೋಕೆ ಎಷ್ಟು ಅಂತ ಕೊಟ್ಟಿದಾರೋ ಅಷ್ಟರೊಳಗೆ.

ನಿಮ್ಮಲ್ಲಿ ಒಂದೇ ವಿನಂತಿ. ವೇ ಬ್ರಿಡ್ಜಲ್ಲಿ ಮುಂದಿನ ಆಕ್ಸಲ್ ಬೇರೆ, ಹಿಂದಿನ ಆಕ್ಸಲ್ ಬೇರೆ ತೂಗ್ಸೋದು ಹೇಗೆ, ಆ ವಾಲ್ವ್ ಸೆಟ್ಟಿಂಗ್ ನೋಡೋದು ಹೇಗೆ ಅಂತ ಗೊತ್ತಿರೋ ಮೆಕ್ಯಾನಿಕ್ ಕೈಲಿ ಬರೆಸಿ ಅದೇ ಪುಟದಲ್ಲಿ ಹಾಕಿ, ಫೋಟೋ ಸಮೇತ.

ಇಂತಿ,
ಹಳೇ ಪಿಕಪ್ ಓಡಿಸೋ ಒಬ್ಬ ಓದುಗ